ಕ್ರೂಸ್ ಬುಕಿಂಗ್: ‘ಎಲ್ಲ ಸೇರಿದ’ ದರವೋ, ಬೇಕಾದ್ದಕ್ಕಷ್ಟೇ ದುಡ್ಡೋ?

ಅಮೆರಿಕದಲ್ಲಿ ನೆಲೆಸಿರುವ ಕನ್ನಡದ ಮನೆಗಳಲ್ಲಿ ಸಂಕ್ರಾಂತಿ ಕಳೆಯುತ್ತಿದ್ದಂತೆ ಒಂದು ಮಾತು ಶುರುವಾಗುತ್ತದೆ. ಬೇಸಿಗೆಗೆ ಊರಿಂದ ಅಪ್ಪ ಅಮ್ಮ ಬರುತ್ತಾರೆ, ಈ ಸಲ ಅಲಾಸ್ಕಾ ಕ್ರೂಸಿಗೆ ಕರೆದುಕೊಂಡು ಹೋಗೋಣ. ಯೋಚನೆ ಚೆನ್ನಾಗಿಯೇ ಇದೆ. ವಯಸ್ಸಾದವರು ಹೆಚ್ಚು ನಡೆಯಬೇಕಿಲ್ಲ, ದಿನಕ್ಕೊಂದು ಹೋಟೆಲಿಗೆ ಪೆಟ್ಟಿಗೆ ಎಳೆದಾಡಬೇಕಿಲ್ಲ, ಬಾಲ್ಕನಿಯಲ್ಲಿ ಕೂತರೆ ಹಿಮದ ಬೆಟ್ಟಗಳೇ ಮುಂದೆ ಹಾದುಹೋಗುತ್ತವೆ. ಹಡಗು ಯಾವುದು, ತಾರೀಕು ಯಾವುದು, ಎಷ್ಟು ಕ್ಯಾಬಿನ್ ಎನ್ನುವುದು ಒಂದು ಸಂಜೆಯಲ್ಲಿ ತೀರ್ಮಾನವಾಗುತ್ತದೆ. ಆಮೇಲೆ ಬರುವ ಪ್ರಶ್ನೆಗೆ ಎಲ್ಲರೂ ತಡವರಿಸುತ್ತಾರೆ. ಬರಿಯ ಟಿಕೆಟ್ ತೆಗೆದುಕೊಂಡು ಹಡಗಿನಲ್ಲಿ ಬೇಕಾದ್ದಕ್ಕೆ ಆಗಾಗ ದುಡ್ಡು ಕೊಡುವುದೋ, ಕುಡಿಯುವುದು, ಇಂಟರ್ನೆಟ್, ಟಿಪ್ಸ್ ಎಲ್ಲ ಸೇರಿದ ಪ್ಯಾಕೇಜನ್ನು ಈಗಲೇ ಕಟ್ಟಿಬಿಡುವುದೋ?

ನನ್ನ ಅಭಿಪ್ರಾಯ ಮೊದಲೇ ಹೇಳಿಬಿಡುತ್ತೇನೆ. ಮದ್ಯ ಮುಟ್ಟದವರು, ಅಪರೂಪಕ್ಕೆ ಒಂದು ಲೋಟ ತೆಗೆದುಕೊಳ್ಳುವವರು, ಸಸ್ಯಾಹಾರಿಗಳು ಕೂಡಿರುವ ಕುಟುಂಬಕ್ಕೆ ದೊಡ್ಡ ಹಡಗುಗಳ ಡ್ರಿಂಕ್ಸ್ ಪ್ಯಾಕೇಜ್, ಅಂದರೆ ದಿನಕ್ಕಿಷ್ಟೆಂದು ಮೊದಲೇ ಕಟ್ಟಿ ಹಡಗಿನಲ್ಲಿ ಬೇಕಾದ್ದು ಕುಡಿಯುವ ಏರ್ಪಾಡು, ಬೇಡ. ಹೇಗಿದ್ದರೂ ಕೊಡಲೇಬೇಕಾದ ಟಿಪ್ಸ್ ಮತ್ತು ವೈ-ಫೈಯನ್ನು ಒಳಗೊಂಡ ಪ್ಯಾಕೇಜ್ ಇದ್ದರೆ ಅದನ್ನು ಮಾತ್ರ ಕಾಗದ ಪೆನ್ನು ಹಿಡಿದು ಲೆಕ್ಕ ಹಾಕಿ ನೋಡಿ. ಪೂರ್ತಿ ಎಲ್ಲ ಸೇರಿದ ದುಬಾರಿ ಹಡಗುಗಳ ವಿಷಯವೇ ಬೇರೆ, ಅವು ಬೇರೆ ಥರದ ಪ್ರಯಾಣಿಕರಿಗೆ ಸೇರಿದ್ದು. ಹೀಗೆ ಹೇಳುವುದಕ್ಕೆ ಕಾರಣಗಳನ್ನು ಒಂದೊಂದಾಗಿ ನೋಡೋಣ.

ಟಿಕೆಟ್ಟಿನಲ್ಲೇ ಏನೇನಿದೆ

ರಾಯಲ್ ಕೆರಿಬಿಯನ್, ಕಾರ್ನಿವಲ್, ಪ್ರಿನ್ಸೆಸ್, ನಾರ್ವೇಜಿಯನ್, ಹಾಲೆಂಡ್ ಅಮೆರಿಕದಂಥ ಕಂಪನಿಗಳ ಸಾಮಾನ್ಯ ಟಿಕೆಟ್ಟಿನಲ್ಲೇ ಬಹಳಷ್ಟು ಬರುತ್ತದೆ. ಕ್ಯಾಬಿನ್, ಮುಖ್ಯ ಡೈನಿಂಗ್ ರೂಮಿನ ಊಟ, ಬೆಳಗಿನಿಂದ ರಾತ್ರಿಯವರೆಗಿನ ಬಫೆ, ನೀರು, ಟೀ, ಸಾದಾ ಕಾಫಿ, ಬೆಳಗಿನ ಜ್ಯೂಸ್, ಈಜುಕೊಳ, ರಾತ್ರಿಯ ನಾಟಕ ಸಂಗೀತ, ಮಕ್ಕಳ ಕ್ಲಬ್. ಏನನ್ನೂ ಹೆಚ್ಚಿಗೆ ಕೊಳ್ಳದೆ ಏಳು ರಾತ್ರಿ ಸುಖವಾಗಿ ಕಳೆಯಬಹುದು. ಇದನ್ನು ಯಾವ ಜಾಹೀರಾತೂ ಒತ್ತಿ ಹೇಳುವುದಿಲ್ಲವಾದ್ದರಿಂದ ನಾನು ಹೇಳುತ್ತಿದ್ದೇನೆ.

ನಮ್ಮವರಿಗೆ ಮೊದಲ ಚಿಂತೆ ಊಟದ್ದು. ಡೈನಿಂಗ್ ರೂಮಿನಲ್ಲಿ ಮೊದಲ ರಾತ್ರಿಯೇ ಹೆಡ್ ವೇಟರನ್ನು ಕರೆದು, ‘ನಮ್ಮಲ್ಲಿ ಇಷ್ಟು ಜನ ಇಂಡಿಯನ್ ವೆಜಿಟೇರಿಯನ್, ಮೊಟ್ಟೆಯೂ ಇಲ್ಲ’ ಎಂದು ತಿಳಿಸಿದರೆ, ಮರುದಿನದಿಂದ ದಾಲ್, ಒಂದೆರಡು ತರಕಾರಿ ಸಬ್ಜಿ, ಅನ್ನ, ಹಪ್ಪಳ ಬರುವ ವ್ಯವಸ್ಥೆ ದೊಡ್ಡ ಹಡಗುಗಳಲ್ಲಿ ಸಾಮಾನ್ಯ. ಅಡುಗೆಮನೆಯಲ್ಲಿ ಭಾರತದ ಬಾಣಸಿಗರು ಇದ್ದೇ ಇರುತ್ತಾರೆ. ಹಿಂದಿನ ದಿನವೇ ಹೇಳಬೇಕು ಅಷ್ಟೆ, ಇದಕ್ಕೆ ಹೆಚ್ಚಿನ ಹಣವಿಲ್ಲ. ಬಫೆಯಲ್ಲೂ ಒಂದು ಮೂಲೆಯಲ್ಲಿ ಭಾರತದ ಪದಾರ್ಥಗಳು ಕಾಣಿಸಿಕೊಳ್ಳುತ್ತವೆ. ಹಾಗಾಗಿ ‘ಸ್ಪೆಷಾಲಿಟಿ ಡೈನಿಂಗ್’ (ಬೇರೆ ದುಡ್ಡು ಕೊಟ್ಟು ಉಣ್ಣುವ ರೆಸ್ಟೋರೆಂಟುಗಳು) ಸೇರಿದ ಪ್ಯಾಕೇಜನ್ನು ಸಸ್ಯಾಹಾರಿಗಳು ಎರಡು ಸಲ ಯೋಚಿಸಿ ಕೊಳ್ಳಬೇಕು. ಆ ರೆಸ್ಟೋರೆಂಟುಗಳಲ್ಲಿ ಹೆಚ್ಚಿನವು ಸ್ಟೇಕ್, ಸುಶಿ, ಸಮುದ್ರದ ಆಹಾರಕ್ಕೆ ಹೆಸರಾದವು. ತಲೆಗೆ 40ರಿಂದ 70 ಡಾಲರಿನ ಊಟವೆಂದು ಪ್ಯಾಕೇಜಿನಲ್ಲಿ ಬೆಲೆ ಕಟ್ಟಿರುತ್ತಾರೆ, ಅಮ್ಮನ ತಟ್ಟೆಗೆ ಬರುವುದು ಬೇಯಿಸಿದ ಆಲೂಗಡ್ಡೆ ಮತ್ತು ಅಣಬೆ.

ಕಾಫಿಯ ಬಗ್ಗೆಯೂ ಒಂದು ಮಾತು. ಪುಕ್ಕಟೆ ಸಿಗುವ ಕಾಫಿ ಫಿಲ್ಟರ್ ಕಾಫಿ ಕುಡಿದು ಬೆಳೆದ ನಾಲಿಗೆಗೆ ಹಿಡಿಸುವುದು ಕಷ್ಟ. ಒಳ್ಳೆಯ ಕಾಫಿಗೆ, ಅಂದರೆ ಲ್ಯಾಟೆ, ಕ್ಯಾಪುಚಿನೋಗೆ, ಸುಮಾರು ಐದು ಡಾಲರ್ ಜೊತೆಗೆ ಸರ್ವಿಸ್ ಚಾರ್ಜ್. ಎಲೆಕ್ಟ್ರಿಕ್ ಕೆಟಲ್, ರೈಸ್ ಕುಕ್ಕರ್ ತೆಗೆದುಕೊಂಡು ಹೋಗುವ ಆಸೆ ಬೇಡ, ಬಿಸಿ ಮಾಡುವ ಸಾಮಾನನ್ನು ಹಡಗು ಹತ್ತುವಾಗಲೇ ಎತ್ತಿಟ್ಟುಕೊಳ್ಳುತ್ತಾರೆ. ಸೀಲ್ ಆಗಿರುವ ಇನ್‌ಸ್ಟಂಟ್ ಕಾಫಿ ಸ್ಯಾಶೆ, ಚಟ್ನಿಪುಡಿ, ಉಪ್ಪಿನಕಾಯಿ ಪೊಟ್ಟಣಕ್ಕೆ ಸಾಮಾನ್ಯವಾಗಿ ಅಡ್ಡಿಯಿಲ್ಲ. ಬಫೆಯಲ್ಲಿ ಬಿಸಿನೀರು, ಬಿಸಿಹಾಲು ಕೇಳಿದರೆ ಸಿಗುತ್ತದೆ.

ಟಿಪ್ಸ್ ಎಂಬುದು ಐಚ್ಛಿಕವಲ್ಲ

ಹೋಲಿಕೆಯಲ್ಲಿ ಹೆಚ್ಚಿನವರು ಎಡವುವುದು ಇಲ್ಲಿ. ಪ್ಯಾಕೇಜಿನ ದರವನ್ನು ಬರಿಯ ಟಿಕೆಟ್ಟಿನ ದರದ ಪಕ್ಕದಲ್ಲಿಟ್ಟು ನೋಡುತ್ತಾರೆ. ಹಾಗೆ ನೋಡಬಾರದು. ಟಿಕೆಟ್ಟಿಗೆ ಟಿಪ್ಸ್ ಸೇರಿಸಿ, ಮನೆಯವರೊಂದಿಗೆ ಸಂಪರ್ಕದಲ್ಲಿರಲು ಬೇಕಾದ ವೈ-ಫೈ ಸೇರಿಸಿ, ಆ ಮೊತ್ತವನ್ನು ಪ್ಯಾಕೇಜಿನ ಪಕ್ಕದಲ್ಲಿಡಬೇಕು.

ರಾಯಲ್ ಕೆರಿಬಿಯನ್‌ನ ಇತ್ತೀಚಿನ ವರ್ಷಗಳ ದರದ ಪ್ರಕಾರ ಸಾಮಾನ್ಯ ಕ್ಯಾಬಿನ್ನಿನಲ್ಲಿರುವ ಪ್ರತಿಯೊಬ್ಬರಿಗೂ ದಿನಕ್ಕೆ 18.50 ಡಾಲರ್. ಮಗುವಿಗೂ ಅಷ್ಟೇ, ಎಂಬತ್ತರ ಅಜ್ಜಿಗೂ ಅಷ್ಟೇ. ನಾಲ್ವರ ಕುಟುಂಬ ಏಳು ರಾತ್ರಿ ಹೋದರೆ 518 ಡಾಲರ್. ಡಾಲರಿಗೆ 90 ರೂಪಾಯಿ ಹಿಡಿದರೆ 46,620 ರೂಪಾಯಿ. ಬೇರೆ ಕಂಪನಿಗಳ ದರವೂ ಇದರ ಆಸುಪಾಸಿನಲ್ಲೇ ಇದೆ. ಇದನ್ನು ಬುಕಿಂಗ್ ಸಮಯದಲ್ಲೇ ಕಟ್ಟಬಹುದು, ಇಲ್ಲವಾದರೆ ದಿನದಿನವೂ ಕ್ಯಾಬಿನ್ ಖಾತೆಗೆ ಸೇರುತ್ತಾ ಹೋಗುತ್ತದೆ.

ಗೆಸ್ಟ್ ಸರ್ವಿಸ್ ಕೌಂಟರಿಗೆ ಹೋಗಿ ಇದನ್ನು ತೆಗೆಸಿಹಾಕಲು ಹಲವು ಕಂಪನಿಗಳಲ್ಲಿ ಅವಕಾಶವಿದೆ. ಕೆಲವರು ಇದನ್ನು ಜಾಣತನವೆಂದು ಬೇರೆಯವರಿಗೂ ಹೇಳಿಕೊಡುತ್ತಾರೆ. ದಯವಿಟ್ಟು ಹಾಗೆ ಮಾಡಬೇಡಿ. ಕ್ಯಾಬಿನ್ ಒರೆಸಿ ಹಾಸಿಗೆ ಹಾಸುವವರು, ಊಟ ಬಡಿಸುವವರು, ಕಾಣದ ಜಾಗದಲ್ಲಿ ಪಾತ್ರೆ ತೊಳೆಯುವವರು, ಬಟ್ಟೆ ಒಗೆಯುವವರು ತಿಂಗಳುಗಟ್ಟಲೆ ಮನೆ ಬಿಟ್ಟು, ವಾರಕ್ಕೊಂದು ಪೂರ್ತಿ ರಜೆಯೂ ಇಲ್ಲದೆ ದುಡಿಯುವವರು. ಅವರ ಸಂಪಾದನೆಯಲ್ಲಿ ಈ ಹಣದ ಪಾಲು ದೊಡ್ಡದು. ಫಿಲಿಪೀನ್ಸ್, ಇಂಡೋನೇಷ್ಯಾದವರ ಜೊತೆ ಗೋವಾದ, ಮಂಗಳೂರಿನ, ಉಡುಪಿ ಕಡೆಯ ಹುಡುಗರೂ ಈ ಹಡಗುಗಳಲ್ಲಿದ್ದಾರೆ. ಎದೆಯ ಮೇಲಿನ ಪಟ್ಟಿಯಲ್ಲಿ ಹೆಸರಿನ ಕೆಳಗೆ ‘ಇಂಡಿಯಾ’ ಎಂದಿರುತ್ತದೆ. ತುಳುವಿನಲ್ಲೋ ಕನ್ನಡದಲ್ಲೋ ಎರಡು ಮಾತಾಡಿದರೆ ಆ ಮುಖ ಅರಳುವುದನ್ನು ನೋಡಬೇಕು. ಉಳಿತಾಯ ಮಾಡಲು ಹಡಗಿನಲ್ಲಿ ಬೇರೆ ನೂರು ದಾರಿಗಳಿವೆ.

ಡ್ರಿಂಕ್ಸ್ ಪ್ಯಾಕೇಜಿನ ಲೆಕ್ಕ

ಕ್ರೂಸ್ ಕಂಪನಿಗಳ ವರಮಾನದಲ್ಲಿ ಸುಮಾರು ಮೂರನೇ ಒಂದು ಪಾಲು ಟಿಕೆಟ್ಟಿನ ಹೊರಗಿನದು. ರಾಯಲ್ ಕೆರಿಬಿಯನ್ ಮತ್ತು ಕಾರ್ನಿವಲ್ ಎರಡೂ ತಮ್ಮ ವಾರ್ಷಿಕ ಲೆಕ್ಕಪತ್ರದಲ್ಲಿ ಇದನ್ನು ಪ್ರತ್ಯೇಕ ಸಾಲಾಗಿ ತೋರಿಸುತ್ತವೆ. ಬಾರ್, ಕ್ಯಾಸಿನೋ, ಇಂಟರ್ನೆಟ್, ಸ್ಪಾ, ಬಂದರಿನ ಪ್ರವಾಸಗಳು ಎಲ್ಲ ಅದರಲ್ಲಿ ಬರುತ್ತವೆ. ಟಿಕೆಟ್ ಅಗ್ಗವಾಗಿ ಕಾಣುವುದು ಇದರಿಂದಲೇ. ಬಾರಿನ ಹಣವನ್ನು ಪ್ರಯಾಣ ಶುರುವಾಗುವ ಮೊದಲೇ ಖಚಿತಪಡಿಸಿಕೊಳ್ಳುವ ಉಪಾಯವೇ ಡ್ರಿಂಕ್ಸ್ ಪ್ಯಾಕೇಜ್. ಕಂಪನಿ ಅದರಲ್ಲಿ ಕಳೆದುಕೊಳ್ಳುವಂತೆ ದರ ಇಟ್ಟಿರುತ್ತದೆಂದು ಭಾವಿಸಬೇಡಿ.

ರಾಯಲ್ ಕೆರಿಬಿಯನ್ನಿನ ಮದ್ಯ ಸೇರಿದ ಪ್ಯಾಕೇಜ್ ಹಡಗು, ತಾರೀಕು, ಸೇಲ್ ನೋಡಿಕೊಂಡು ದಿನಕ್ಕೆ ಸುಮಾರು 60ರಿಂದ 120 ಡಾಲರ್‌ವರೆಗೆ ಏರಿಳಿಯುತ್ತದೆ. ಅದರ ಮೇಲೆ ಶೇ 18 ಸರ್ವಿಸ್ ಚಾರ್ಜ್. 80 ಡಾಲರ್ ಎಂದು ಹಿಡಿಯೋಣ, ಕೈಯಿಂದ ಹೋಗುವುದು 94.40. ಬಾರಿನಲ್ಲಿ ಒಂದು ಕಾಕ್‌ಟೇಲ್ 14 ಡಾಲರ್ ಇದ್ದರೆ ಸರ್ವಿಸ್ ಚಾರ್ಜ್ ಸೇರಿ 16.52. ಅಂದರೆ ಕೊಟ್ಟ ಹಣ ದಕ್ಕಬೇಕಾದರೆ ದಿನಕ್ಕೆ ಸುಮಾರು ಆರು ಕಾಕ್‌ಟೇಲ್ ಕುಡಿಯಬೇಕು, ಅದೂ ಏಳು ದಿನವೂ. ಹಡಗು ಅಲಾಸ್ಕಾದ ಜೂನೋ ಬಂದರಿನಲ್ಲಿ ನಿಂತು ನೀವು ದಿನವಿಡೀ ಹಿಮನದಿ ನೋಡಲು ಹೋದ ದಿನವೂ ಪ್ಯಾಕೇಜಿನ ಹಣ ಓಡುತ್ತಲೇ ಇರುತ್ತದೆ. ಅಲಾಸ್ಕಾದಂಥ, ಬಂದರುಗಳೇ ಮುಖ್ಯವಾದ ಮಾರ್ಗದಲ್ಲಿ ಪ್ಯಾಕೇಜ್ ಇನ್ನಷ್ಟು ದುಬಾರಿಯಾಗುವುದು ಹೀಗೆ. ಅಟ್ಲಾಂಟಿಕ್ ದಾಟುವ, ನೆಲವೇ ಕಾಣದ ದಿನಗಳು ಹೆಚ್ಚಿರುವ ಪ್ರಯಾಣದಲ್ಲಿ ಲೆಕ್ಕ ಬೇರೆಯಾಗಬಹುದು.

ಇದಕ್ಕಿಂತ ದೊಡ್ಡ ತೊಡಕು ಕ್ಯಾಬಿನ್ ನಿಯಮ. ಒಂದು ಕ್ಯಾಬಿನ್ನಿನಲ್ಲಿ ಒಬ್ಬರು ಮದ್ಯದ ಪ್ಯಾಕೇಜ್ ಕೊಂಡರೆ ಅದೇ ಕ್ಯಾಬಿನ್ನಿನ 21 ದಾಟಿದ ಎಲ್ಲರೂ ಕೊಳ್ಳಬೇಕು. ರಾಯಲ್ ಕೆರಿಬಿಯನ್, ಕಾರ್ನಿವಲ್ ಎರಡರಲ್ಲೂ ಇದೇ ನಿಯಮ. ಒಬ್ಬರ ಪ್ಯಾಕೇಜಿನಲ್ಲಿ ಇಬ್ಬರು ಕುಡಿಯದಿರಲಿ ಎಂಬುದು ಅವರ ಉದ್ದೇಶ. ಮದುವೆ ಊಟದ ಕಾಂಟ್ರಾಕ್ಟಿನಲ್ಲಿ ಎಲೆ ಲೆಕ್ಕ ಹಾಕುತ್ತಾರಲ್ಲ, ಕೂತವರು ಎರಡು ತುತ್ತು ಉಂಡು ಎದ್ದರೂ ಎಲೆಗಿಷ್ಟು ಎಂದೇ ಬಿಲ್ಲು, ಥೇಟ್ ಹಾಗೆ.

ಗಂಡ ಹೆಂಡತಿ ಇಬ್ಬರ ಒಂದು ಕ್ಯಾಬಿನ್ ಎಂದುಕೊಳ್ಳಿ. ಗಂಡ ದಿನಕ್ಕೆ ಎರಡು ಕಾಕ್‌ಟೇಲ್, ಒಂದು ಬಿಯರ್ ತೆಗೆದುಕೊಳ್ಳುತ್ತಾನೆ. ಹೆಂಡತಿಗೆ ದಿನಕ್ಕೆ ಎರಡು ಒಳ್ಳೆಯ ಕಾಫಿ ಸಾಕು. ಬಿಯರಿಗೆ ಎಂಟೂವರೆ, ಕಾಫಿಗೆ ಐದು ಡಾಲರ್ ಹಿಡಿದು, ಎಲ್ಲಕ್ಕೂ ಶೇ 18 ಸೇರಿಸಿದರೆ ಗಂಡನದು ದಿನಕ್ಕೆ 43 ಡಾಲರ್, ಹೆಂಡತಿಯದು 12 ಡಾಲರಿನ ಹತ್ತಿರ. ಏಳು ದಿನಕ್ಕೆ ಇಬ್ಬರದೂ ಸೇರಿ ಸುಮಾರು 385. ಇಬ್ಬರಿಗೂ ಪ್ಯಾಕೇಜ್ ಕೊಂಡರೆ 1,321. ವ್ಯತ್ಯಾಸ 900 ಡಾಲರಿಗೂ ಹೆಚ್ಚು. ಆ ಹಣದಲ್ಲಿ ಒಳಗಿನ ಕ್ಯಾಬಿನ್ ಬಿಟ್ಟು ಬಾಲ್ಕನಿ ಕ್ಯಾಬಿನ್ನಿಗೆ ಏರುವ ಸಾಧ್ಯತೆಯಿದೆ, ಅಲಾಸ್ಕಾದಲ್ಲಿ ಬಾಲ್ಕನಿಗೆ ಇರುವ ಬೆಲೆ ಬೇರೆಲ್ಲೂ ಇಲ್ಲ.

ಹಾಗಾದರೆ ಈ ಪ್ಯಾಕೇಜ್ ಯಾರಿಗೆ? ದಿನವೂ ಐದಾರು ಡ್ರಿಂಕ್ಸ್ ನಿಜವಾಗಿ ತೆಗೆದುಕೊಳ್ಳುವ ಗೆಳೆಯರ ಗುಂಪಿಗೆ. ಇನ್ನೊಂದು ಬಗೆಯವರೂ ಇದ್ದಾರೆ: ಪ್ರತಿ ಲೋಟಕ್ಕೂ ಕಾರ್ಡ್ ಮುಟ್ಟಿಸುವಾಗ ಮನಸ್ಸಿನಲ್ಲೇ ರೂಪಾಯಿಗೆ ಗುಣಿಸಿ, ಕುಡಿದದ್ದು ಮೈಗೆ ಹತ್ತದವರು. ಹೆಚ್ಚು ಕೊಟ್ಟಾದರೂ ಆ ಲೆಕ್ಕದಿಂದ ಬಿಡುಗಡೆ ಬೇಕೆಂದರೆ ಅದು ಅವರ ಹಣ, ಅವರ ನೆಮ್ಮದಿ, ನಾನು ಬೇಡವೆನ್ನುವುದಿಲ್ಲ. ಎಷ್ಟು ಹೆಚ್ಚು ಕೊಡುತ್ತಿದ್ದೇವೆಂಬುದು ತಿಳಿದಿರಲಿ.

ಮನೆಯವರೆಲ್ಲ ಹೋಗುವಾಗ ಕ್ಯಾಬಿನ್ ಹಂಚಿಕೆಯಲ್ಲೇ ಸ್ವಲ್ಪ ಉಪಾಯವಿದೆ. ಅಪ್ಪ ಅಮ್ಮ ಒಂದು ಕ್ಯಾಬಿನ್ನಿನಲ್ಲಿ, ಮಗ ಸೊಸೆ ಇನ್ನೊಂದರಲ್ಲಿ ಇದ್ದರೆ ಮಗನ ಪ್ಯಾಕೇಜ್ ಅಪ್ಪ ಅಮ್ಮನ ಮೇಲೆ ಬೀಳುವುದಿಲ್ಲ. ಉಳಿತಾಯವಾಗಲಿ ಎಂದು ನಾಲ್ಕು ದೊಡ್ಡವರನ್ನು ಒಂದೇ ಕ್ಯಾಬಿನ್ನಿಗೆ ತುಂಬಿದಾಗಲೇ ತಾಪತ್ರಯ. ಮದ್ಯವಿಲ್ಲದ ಪ್ಯಾಕೇಜುಗಳೂ ಇವೆ. ಕಾಫಿ, ತಂಪು ಪಾನೀಯ, ಮಾಕ್‌ಟೇಲ್ ಸೇರಿರುತ್ತದೆ. ದಿನಕ್ಕೆ ಮೂವತ್ತು ಡಾಲರ್ ಎಂದುಕೊಂಡರೂ ಅದು ದಕ್ಕಲು ಒಬ್ಬರು ದಿನಕ್ಕೆ ಆರು ಕಾಫಿ ಕುಡಿಯಬೇಕಾಗುತ್ತದೆ. ಹದಿಹರೆಯದ ಮಕ್ಕಳಿಗೆ ಸೋಡಾ ಪ್ಯಾಕೇಜ್ ಮಾತ್ರ ಒಮ್ಮೊಮ್ಮೆ ಗಿಟ್ಟುತ್ತದೆ. ಇಡೀ ವಾರಕ್ಕೆ ಎರಡೇ ಲೋಟ ವೈನ್ ಬೇಕೆನ್ನುವವರು ನೆನಪಿಡಿ: ಹಡಗು ಹತ್ತುವ ದಿನ ತಲಾ ಒಂದು 750 ಮಿಲಿಲೀಟರ್ ವೈನ್ ಬಾಟಲಿ ತರಲು ರಾಯಲ್ ಕೆರಿಬಿಯನ್, ಕಾರ್ನಿವಲ್ ಎರಡೂ ವಯಸ್ಕರಿಗೆ ಅವಕಾಶ ಕೊಟ್ಟಿವೆ.

ಟಿಪ್ಸ್, ವೈ-ಫೈ ಕಟ್ಟಿಕೊಡುವ ಪ್ಯಾಕೇಜ್

ಇವು ಹೊರನೋಟಕ್ಕೆ ಡ್ರಿಂಕ್ಸ್ ಪ್ಯಾಕೇಜಿನ ಹಾಗೆಯೇ ಕಂಡರೂ ಒಳಗಿನ ಲೆಕ್ಕ ಬೇರೆ. ಪ್ರಿನ್ಸೆಸ್ ಕಂಪನಿಯ ‘ಪ್ಲಸ್’ ಪ್ಯಾಕೇಜನ್ನು ತೆಗೆದುಕೊಳ್ಳೋಣ. ಇತ್ತೀಚಿನ ವರ್ಷಗಳಲ್ಲಿ ಅದರ ದರ ತಲೆಗೆ ದಿನಕ್ಕೆ 60ರಿಂದ 65 ಡಾಲರ್. ಅದರಲ್ಲಿ ಟಿಪ್ಸ್ ಇದೆ, ಒಂದು ಸಾಧನಕ್ಕೆ ವೈ-ಫೈ ಇದೆ, ಡ್ರಿಂಕ್ಸ್ ಇವೆ. ಟಿಪ್ಸ್ ಬೇರೆ ಕೊಟ್ಟಿದ್ದರೆ 17, 18 ಡಾಲರ್ ಆಗುತ್ತಿತ್ತು. ವೈ-ಫೈ ಬೇರೆ ಕೊಂಡಿದ್ದರೆ ಸುಮಾರು 20ರಿಂದ 25. ಇವೆರಡನ್ನು ಕಳೆದರೆ ಕುಡಿಯುವುದಕ್ಕೆ ಉಳಿಯುವುದು ಇಪ್ಪತ್ತರಿಂದ ಇಪ್ಪತ್ತೈದು ಡಾಲರ್. ಮದ್ಯ ಮುಟ್ಟದವರಿಗೂ ಎರಡು ಲ್ಯಾಟೆ, ಒಂದು ಮಾಕ್‌ಟೇಲ್, ಒಂದು ಬಾಟಲಿ ನೀರು ಎಂದರೆ ಹತ್ತಿರ ಹತ್ತಿರ ಸರಿಹೋಗುತ್ತದೆ. ಸಂಜೆಗೆ ಒಂದು ಲೋಟ ವೈನ್ ತೆಗೆದುಕೊಳ್ಳುವವರಿಗೆ ಲಾಭವೇ.

ಆದರೆ ಇದು ನಿಜವಾಗುವುದು ಪ್ರತಿಯೊಬ್ಬರಿಗೂ ಸ್ವಂತ ವೈ-ಫೈ ಬೇಕಾದಾಗ ಮಾತ್ರ. ಅಪ್ಪ ಅಮ್ಮ ದಿನಕ್ಕೊಮ್ಮೆ ವಾಟ್ಸ್ಆ್ಯಪ್ ನೋಡಿದರೆ ಸಾಕು ಎನ್ನುವುದಾದರೆ, ಒಂದು ಸಾಧನದ ಪ್ಲಾನ್ ಕೊಂಡು, ಒಬ್ಬರ ಫೋನಿನಲ್ಲಿ ಲಾಗ್ ಔಟ್ ಮಾಡಿ ಇನ್ನೊಬ್ಬರ ಫೋನಿನಲ್ಲಿ ಲಾಗ್ ಇನ್ ಮಾಡಿಕೊಂಡು ನಾಲ್ವರೂ ಹಂಚಿಕೊಳ್ಳಬಹುದು. ಆಗ ತಲೆಗೊಂದು ವೈ-ಫೈ ಇರುವ ಪ್ಯಾಕೇಜ್ ಮತ್ತೆ ದುಬಾರಿಯಾಗುತ್ತದೆ. ನಿಮ್ಮ ಮನೆಯ ರೂಢಿ ಯಾವುದೆಂದು ನಿಮಗೇ ಗೊತ್ತು.

‘ಪುಕ್ಕಟೆ’ ಎಂದು ಸಾರುವ ಪ್ಯಾಕೇಜುಗಳನ್ನು ಇನ್ನೂ ಎಚ್ಚರದಿಂದ ಓದಿ. ನಾರ್ವೇಜಿಯನ್ ಕಂಪನಿ ‘ಫ್ರೀ ಅಟ್ ಸೀ’ ಎಂಬ ಹೆಸರಿನಲ್ಲಿ ವರ್ಷಗಳ ಕಾಲ ಓಪನ್ ಬಾರ್ ಕೊಟ್ಟಿತು. ಬಾರ್ ಪುಕ್ಕಟೆ, ಆದರೆ ಅದರ ಬೆಲೆಯ ಮೇಲಿನ ಶೇ 20 ಗ್ರಾಚ್ಯುಟಿ (ಬಾರಿನವರ ಟಿಪ್ಸ್) ನಮ್ಮದು. ತಲೆಗೆ ದಿನಕ್ಕೆ ಇಪ್ಪತ್ತು ಡಾಲರಿಗೂ ಮೇಲೆ ಬೀಳುತ್ತಿತ್ತು, ದಿನದ ಸಾಮಾನ್ಯ ಟಿಪ್ಸ್ ಅದಲ್ಲದೆ ಬೇರೆ. ಸೆಲೆಬ್ರಿಟಿ ಕಂಪನಿ 2020ರ ಕೊನೆಗೆ ಡ್ರಿಂಕ್ಸ್, ವೈ-ಫೈ, ಟಿಪ್ಸ್ ಮೂರೂ ಸೇರಿದ ‘ಆಲ್ವೇಸ್ ಇನ್‌ಕ್ಲೂಡೆಡ್’ ದರ ತಂದಿತು. 2023ರಲ್ಲಿ ಟಿಪ್ಸನ್ನು ಅದರಿಂದ ಹೊರಗಿಟ್ಟಿತು. ಅದಕ್ಕೆ ಮೊದಲು ಹೋಗಿಬಂದ ನೆಂಟರು ‘ಎಲ್ಲ ಸೇರಿತ್ತು’ ಎಂದರೆ ಅವರು ನಿಜವನ್ನೇ ಹೇಳುತ್ತಿರುತ್ತಾರೆ. ನಿಮ್ಮ ಬುಕಿಂಗಿಗೆ ಅದು ಅನ್ವಯವಾಗಬೇಕೆಂದಿಲ್ಲ.

ಒಂದು ಒಳ್ಳೆಯ ಬದಲಾವಣೆ ಮಾತ್ರ ಆಗಿದೆ. ಕ್ಯಾಲಿಫೋರ್ನಿಯಾದಲ್ಲಿ 2024ರ ಜುಲೈ 1ರಿಂದ ಜಾರಿಗೆ ಬಂದ ಕಾನೂನಿನ ಪ್ರಕಾರ ಜಾಹೀರಾತಿನ ದರದಲ್ಲಿ ಕಡ್ಡಾಯ ಶುಲ್ಕಗಳೂ ಸೇರಿರಬೇಕು. ಅದರ ನಂತರ ದೊಡ್ಡ ಕಂಪನಿಗಳು ಬಂದರು ಶುಲ್ಕವನ್ನು ಮೊದಲ ಪುಟದ ದರದಲ್ಲೇ ತೋರಿಸತೊಡಗಿದವು. ಮೊದಲು ಅದು ಕೊನೆಯ ಪುಟದಲ್ಲಿ ಬಂದು ಎದೆ ಝಲ್ಲೆನಿಸುತ್ತಿತ್ತು. ಟಿಪ್ಸ್ ಈಗಲೂ ಆ ದರದಲ್ಲಿ ಇರುವುದಿಲ್ಲ.

ಪೂರ್ತಿ ಎಲ್ಲ ಸೇರಿದ ಹಡಗುಗಳು

ರೀಜೆಂಟ್ ಸೆವೆನ್ ಸೀಸ್, ಸಿಲ್ವರ್‌ಸೀ, ಸೀಬರ್ನ್, ವೈಕಿಂಗ್ ಈ ಸಾಲಿನವು. ರೀಜೆಂಟ್‌ನಲ್ಲಿ ಡ್ರಿಂಕ್ಸ್, ಟಿಪ್ಸ್, ವೈ-ಫೈ, ಎಲ್ಲ ರೆಸ್ಟೋರೆಂಟ್, ಬಂದರಿನ ಬಹುಪಾಲು ಪ್ರವಾಸಗಳೂ ಸೇರಿವೆ. ವೈಕಿಂಗ್‌ನಲ್ಲಿ ಮಧ್ಯಾಹ್ನ ಮತ್ತು ರಾತ್ರಿ ಊಟದ ಜೊತೆ ಬಿಯರ್, ವೈನ್, ವೈ-ಫೈ, ಪ್ರತಿ ಬಂದರಿನಲ್ಲೂ ಒಂದು ಪ್ರವಾಸ ಸೇರಿದೆ. ವೈಕಿಂಗ್‌ನಲ್ಲಿ ಕ್ಯಾಸಿನೋ ಇಲ್ಲ, 18ರ ಒಳಗಿನವರಿಗೆ ಪ್ರವೇಶವೂ ಇಲ್ಲ. ಮೊಮ್ಮಕ್ಕಳ ಜೊತೆ ಹೋಗುವ ಅಜ್ಜ ಅಜ್ಜಿಗೆ ಅಲ್ಲಿಗೇ ಮುಗಿಯಿತು.

ದರ ತಲೆಗೆ ದಿನಕ್ಕೆ ಹಲವು ನೂರು ಡಾಲರ್. ಇಲ್ಲಿ ಹಣ ಹೋಗುವುದು ಡ್ರಿಂಕ್ಸಿಗೆ ಅಲ್ಲ, ಕಡಿಮೆ ಜನ, ದೊಡ್ಡ ಕೋಣೆ, ಸಾಲಿನಲ್ಲಿ ನಿಲ್ಲದಿರುವುದು, ಗದ್ದಲವಿಲ್ಲದಿರುವುದಕ್ಕೆ. ನಿವೃತ್ತರಾದ ಇಬ್ಬರು ಡ್ಯಾನ್ಯೂಬ್, ರೈನ್ ನದಿಯ ಪ್ರವಾಸಕ್ಕೋ ಮೆಡಿಟರೇನಿಯನ್ ಕಡೆಗೋ ಒಮ್ಮೆ ಹೋಗಬೇಕೆಂದು ಹಣ ಕೂಡಿಟ್ಟಿದ್ದರೆ, ನಾನು ಖಂಡಿತ ಈ ಸಾಲಿನ ಹಡಗನ್ನೇ ಹೇಳುತ್ತೇನೆ. ಪ್ರತಿ ಊರಿನಲ್ಲೂ ಗೈಡ್ ಜೊತೆಗಿರುತ್ತಾರೆ, ಬಸ್ ಹಡಗಿನ ಪಕ್ಕದಲ್ಲೇ ನಿಂತಿರುತ್ತದೆ, ಹೊಸ ಭಾಷೆಯ ಊರಿನಲ್ಲಿ ಟ್ಯಾಕ್ಸಿಯವನ ಜೊತೆ ಚೌಕಾಸಿ ಮಾಡಬೇಕಿಲ್ಲ. ಎಪ್ಪತ್ತು ದಾಟಿದವರಿಗೆ ಇದು ಸಣ್ಣ ವಿಷಯವಲ್ಲ. ಟಿಪ್ಸ್ ಸೇರಿದೆಯೇ ಎಂಬುದನ್ನು ಇಲ್ಲೂ ಕೇಳಿಯೇ ಮುಂದುವರಿಯಿರಿ.

ಬಂದರಿನಲ್ಲಿ ಇಳಿದ ಮೇಲೆ

ಅಲಾಸ್ಕಾದ ಬಜೆಟ್ಟನ್ನು ನುಂಗುವುದು ಬಾರ್ ಅಲ್ಲ, ದಡದ ಪ್ರವಾಸಗಳು. ಜೂನೋದಲ್ಲಿ ಹೆಲಿಕಾಪ್ಟರಿನಲ್ಲಿ ಹಿಮನದಿಯ ಮೇಲೆ ಇಳಿಸುವ ಪ್ರವಾಸ ಒಬ್ಬರಿಗೇ ಹಲವು ನೂರು ಡಾಲರ್. ಅದೇ ಊರಿನ ಮೆಂಡೆನ್‌ಹಾಲ್ ಹಿಮನದಿಯನ್ನು ಶಟಲ್ ಬಸ್ಸಿನಲ್ಲಿ ಹೋಗಿ, ನಗೆಟ್ ಜಲಪಾತದವರೆಗೆ ಸಮತಟ್ಟಾದ ದಾರಿಯಲ್ಲಿ ನಡೆದು ನೋಡಿಬರಲು ಅದರ ಸಣ್ಣ ಭಾಗ ಸಾಕು. ಸ್ಕ್ಯಾಗ್ವೇಯಲ್ಲಿ ವೈಟ್ ಪಾಸ್ ರೈಲು ಇದೆ. ಕ್ಲಾಂಡೈಕ್ ಚಿನ್ನದ ಹುಚ್ಚಿನ ಕಾಲದಲ್ಲಿ, 1898ರಿಂದ 1900ರ ನಡುವೆ ಕಟ್ಟಿದ ಮಾರ್ಗ. ಕಂದಕದ ಅಂಚಿನಲ್ಲೇ ಏರುತ್ತದೆ, ವಯಸ್ಸಾದವರು ಕೂತಲ್ಲಿಂದಲೇ ಎಲ್ಲ ನೋಡಬಹುದು. ಇದಕ್ಕೆ ಕೊಟ್ಟ ಹಣ ಸಾರ್ಥಕ. ಕೆಚಿಕಾನ್‌ನಲ್ಲಿ ಹಡಗಿನಿಂದ ಇಳಿದು ಕಾಲ್ನಡಿಗೆಯಲ್ಲೇ ಕ್ರೀಕ್ ಸ್ಟ್ರೀಟ್ ನೋಡಿಬನ್ನಿ, ನಯಾಪೈಸೆ ಖರ್ಚಿಲ್ಲ. ಅಲ್ಲಿ ಮಳೆ ಬಹಳ, ಕೊಡೆ ಮರೆಯಬೇಡಿ.

ಪ್ರವಾಸಗಳನ್ನು ಹಡಗಿನವರಿಂದಲೇ ಕೊಂಡರೆ ದುಬಾರಿ, ಆದರೆ ಬಸ್ ತಡವಾದರೂ ಹಡಗು ಕಾಯುತ್ತದೆ ಅಥವಾ ಮುಂದಿನ ಬಂದರಿಗೆ ತಲುಪಿಸುವ ಹೊಣೆ ಅವರದು. ಹೊರಗಿನವರಲ್ಲಿ ಕೊಂಡರೆ ಅಗ್ಗ, ಹಡಗು ಕಾಯುವುದಿಲ್ಲ. ಹತ್ತಿರದ ಜಾಗಗಳಿಗೆ ಹೊರಗಿನವರು, ಗಂಟೆಗಟ್ಟಲೆ ದೂರ ಹೋಗುವುದಿದ್ದರೆ ಹಡಗಿನವರು ಎಂದು ಹಂಚಿಕೊಳ್ಳಿ.

ಊರಿಂದ ಬುಕ್ ಮಾಡುವವರಿಗೆ

ಬೆಂಗಳೂರು, ಮೈಸೂರು, ಹುಬ್ಬಳ್ಳಿಯ ಟ್ರಾವೆಲ್ ಏಜೆಂಟರು ಮಾರುವ ಸಿಂಗಪುರ, ಮಲೇಷ್ಯಾ ಪ್ರವಾಸದಲ್ಲಿ ಎರಡು ಮೂರು ರಾತ್ರಿಯ ಕ್ರೂಸ್ ಜೋಡಿಸಿರುತ್ತಾರೆ, ಹೆಚ್ಚಾಗಿ ಗೆಂಟಿಂಗ್ ಡ್ರೀಮ್ ಹಡಗು. ಇಲ್ಲಿ ಏಜೆಂಟರು ‘ಎಲ್ಲ ಸೇರಿ ಇಷ್ಟು’ ಎಂದರೆ ವಿಮಾನ, ಹೋಟೆಲ್, ವೀಸಾ, ಕ್ರೂಸ್ ಟಿಕೆಟ್ ಸೇರಿದೆ ಎಂದರ್ಥ. ಹಡಗಿನೊಳಗಿನ ಟಿಪ್ಸ್, ಕೆಲವೊಮ್ಮೆ ಬಂದರು ಶುಲ್ಕ, ಹೊರಗುಳಿದಿರುತ್ತದೆ. ಏನು ಸೇರಿದೆ, ಏನು ಸೇರಿಲ್ಲ ಎಂಬ ಎರಡು ಪಟ್ಟಿಯನ್ನೂ ಬರವಣಿಗೆಯಲ್ಲಿ ತರಿಸಿಕೊಳ್ಳಿ. ಫೋನಿನಲ್ಲಿ ‘ಅದೆಲ್ಲ ಇದೆ ಸಾರ್’ ಎಂದದ್ದು ಹಡಗಿನ ಕೌಂಟರಿನಲ್ಲಿ ನಡೆಯುವುದಿಲ್ಲ.

ಮುಂಬೈಯಿಂದ ಗೋವಾ, ಲಕ್ಷದ್ವೀಪದ ಕಡೆ ಹೋಗುವ ಕೊರ್ಡೇಲಿಯಾ ಕಂಪನಿಯ ಎಂಪ್ರೆಸ್ ಹಡಗು ಮೊದಲು ರಾಯಲ್ ಕೆರಿಬಿಯನ್‌ನದಾಗಿತ್ತು, 1990ರಲ್ಲಿ ಕಟ್ಟಿದ್ದು. ಸಸ್ಯಾಹಾರ, ಜೈನ ಊಟ ಅದರ ಟಿಕೆಟ್ಟಿನಲ್ಲೇ ಇದೆ. ಎರಡು ಮೂರು ರಾತ್ರಿಯ ಪ್ರಯಾಣಕ್ಕೆ ಡ್ರಿಂಕ್ಸ್ ಪ್ಯಾಕೇಜಿನ ಗೋಜೇ ಬೇಡ. ಟಿಕೆಟ್ ದರದ ಮೇಲೆ ಜಿಎಸ್‌ಟಿ, ಸರ್ವಿಸ್ ಚಾರ್ಜ್ ಸೇರಿದ ಕೊನೆಯ ಮೊತ್ತವನ್ನು ನೋಡಿ, ಅದನ್ನು ತಲೆ ಲೆಕ್ಕದಲ್ಲಿ ಭಾಗಿಸಿ ಹೋಲಿಸಿದರೆ ಮುಗಿಯಿತು.

ವಿದೇಶ ಪ್ರವಾಸದ ಪ್ಯಾಕೇಜನ್ನು ಭಾರತದಲ್ಲಿ ಕೊಂಡಾಗ ಟಿಸಿಎಸ್ (ಮಾರುವವರೇ ಮೊದಲು ವಸೂಲಿ ಮಾಡುವ ತೆರಿಗೆ) ಹಿಡಿಯುತ್ತಾರೆ. ಅದು ಹೋದ ಹಣವಲ್ಲ, ಆದಾಯ ತೆರಿಗೆ ರಿಟರ್ನ್‌ನಲ್ಲಿ ಹೊಂದಿಸಿಕೊಳ್ಳಬಹುದು. ದರ ಬಜೆಟ್ಟಿನಲ್ಲಿ ಬದಲಾಗುತ್ತಿರುತ್ತದೆ, ಬುಕ್ ಮಾಡುವ ದಿನದ ದರ ಕೇಳಿ. ಹಡಗಿನಲ್ಲಿ ಭಾರತದ ಕ್ರೆಡಿಟ್ ಕಾರ್ಡ್ ಬಳಸಿದರೆ ಬ್ಯಾಂಕು ಸಾಮಾನ್ಯವಾಗಿ ಶೇ 2ರಿಂದ 3.5ರವರೆಗೆ ಫಾರೆಕ್ಸ್ ಶುಲ್ಕ, ಅದರ ಮೇಲೆ ಜಿಎಸ್‌ಟಿ ಸೇರಿಸುತ್ತದೆ. ಬೇಕಾದ್ದಕ್ಕೆ ಆಗಾಗ ದುಡ್ಡು ಕೊಡುವ ವಿಧಾನದ ಖರ್ಚನ್ನು ಇದು ಸ್ವಲ್ಪ ಹೆಚ್ಚಿಸುತ್ತದೆ.

ಯಾವ ಪ್ಯಾಕೇಜೂ ಮುಚ್ಚದ ಖರ್ಚುಗಳು

ಮೊದಲನೆಯದು ಕೆನಡಾ ವೀಸಾ. ಸಿಯಾಟಲ್‌ನಿಂದ ಹೊರಡುವ ಅಲಾಸ್ಕಾ ಹಡಗುಗಳು ಕೆನಡಾದ ವಿಕ್ಟೋರಿಯಾದಂಥ ಬಂದರಿಗೆ ಹೋಗಿಯೇ ತೀರುತ್ತವೆ. ವಿದೇಶಿ ಧ್ವಜದ ಹಡಗು ಅಮೆರಿಕದ ಎರಡು ಬಂದರುಗಳ ನಡುವೆಯೇ ಪ್ರಯಾಣಿಕರನ್ನು ಸಾಗಿಸಬಾರದೆಂಬ 1886ರ ಕಾನೂನು ಇದಕ್ಕೆ ಕಾರಣ. ಭಾರತದ ಪಾಸ್‌ಪೋರ್ಟಿನಲ್ಲಿ ಬಂದ ಅಪ್ಪ ಅಮ್ಮನಿಗೆ ಅಮೆರಿಕದ ವೀಸಾ ಇದ್ದರೂ ಕೆನಡಾದ ವೀಸಾ ಬೇರೆ ಬೇಕು: ತಲಾ 100 ಕೆನಡಿಯನ್ ಡಾಲರ್ ಶುಲ್ಕ, ಬಯೋಮೆಟ್ರಿಕ್ಸ್‌ಗೆ 85. ಹಣಕ್ಕಿಂತ ಸಮಯ ಮುಖ್ಯ. ಊರಿನಲ್ಲಿದ್ದಾಗಲೇ ಅರ್ಜಿ ಹಾಕಿಸಿಬಿಡಿ. ವೀಸಾ ಇಲ್ಲದವರನ್ನು ಸಿಯಾಟಲ್‌ನಲ್ಲಿ ಹಡಗು ಹತ್ತಿಸುವುದೇ ಇಲ್ಲ, ಟಿಕೆಟ್ಟಿನ ಹಣವೂ ವಾಪಸು ಬರುವುದಿಲ್ಲ.

ಎರಡನೆಯದು ವೈದ್ಯರು. ಹಡಗಿನಲ್ಲಿ ಡಾಕ್ಟರು ಇರುತ್ತಾರೆ, ಅವರ ಬಿಲ್ಲು ಎಲ್ಲ ಸೇರಿದ ದರದಲ್ಲೂ ಸೇರಿರುವುದಿಲ್ಲ. ಅಪ್ಪ ಅಮ್ಮನಿಗೆಂದು ಅಮೆರಿಕದಲ್ಲಿ ಮಾಡಿಸಿದ ವಿಸಿಟರ್ ವಿಮೆ ಸಮುದ್ರದ ಮೇಲೆ, ಕೆನಡಾದಲ್ಲಿ, ಹೆಲಿಕಾಪ್ಟರಿನಲ್ಲಿ ಆಸ್ಪತ್ರೆಗೆ ಸಾಗಿಸುವುದಕ್ಕೆ ಅನ್ವಯವಾಗುತ್ತದೆಯೇ ಎಂದು ಪಾಲಿಸಿ ತೆಗೆದು ಓದಿ. ಇಲ್ಲವಾದರೆ ಡ್ರಿಂಕ್ಸಿಗೆ ಹಾಕಬೇಕೆಂದಿದ್ದ ಹಣವನ್ನು ಪ್ರಯಾಣ ವಿಮೆಗೆ ಹಾಕಿ. ಬಿಪಿ, ಶುಗರ್ ಮಾತ್ರೆಗಳು ಕೈಚೀಲದಲ್ಲಿರಲಿ, ದೊಡ್ಡ ಪೆಟ್ಟಿಗೆ ಕ್ಯಾಬಿನ್ನಿಗೆ ಬರುವುದು ಸಂಜೆಗೆ.

ಮೂರನೆಯದು ಫೋನ್. ಹಡಗು ದಡ ಬಿಟ್ಟ ಕೂಡಲೇ ಫೋನು ಹಡಗಿನ ಸ್ವಂತ ಮೊಬೈಲ್ ಜಾಲಕ್ಕೆ ಅಂಟಿಕೊಳ್ಳುತ್ತದೆ, ಸಾಮಾನ್ಯ ರೋಮಿಂಗ್ ಪ್ಯಾಕಿನಲ್ಲಿ ಅದು ಬರುವುದಿಲ್ಲ. ಹೊರಡುವಾಗಲೇ ಎಲ್ಲರ ಫೋನನ್ನೂ ಏರ್‌ಪ್ಲೇನ್ ಮೋಡಿಗೆ ಹಾಕಿಸಿ, ಆಮೇಲೆ ವೈ-ಫೈ ಮಾತ್ರ ಆನ್ ಮಾಡಿ.

ಯಾವಾಗ ಕೊಳ್ಳಬೇಕು

ಬೇಕೆಂದು ತೀರ್ಮಾನಿಸಿದ ವೈ-ಫೈ, ಪ್ಯಾಕೇಜ್ ಯಾವುದನ್ನೂ ಹಡಗು ಹತ್ತಿದ ಮೇಲೆ ಕೊಳ್ಳಬೇಡಿ, ಅಲ್ಲಿ ದರ ಸಾಮಾನ್ಯವಾಗಿ ಹೆಚ್ಚು. ಬುಕಿಂಗ್ ಆದ ಮೇಲೆ ಕಂಪನಿಯ ಸೈಟಿನಲ್ಲಿ ನಿಮ್ಮ ಖಾತೆಯೊಳಗೆ ಇವುಗಳ ದರ ಕಾಣುತ್ತದೆ. ರಾಯಲ್ ಕೆರಿಬಿಯನ್‌ನಂಥ ಕಂಪನಿಗಳಲ್ಲಿ ಇವತ್ತು ಕೊಂಡಿಟ್ಟು, ಬ್ಲ್ಯಾಕ್ ಫ್ರೈಡೇಯಂಥ ಸೇಲ್ ಬಂದಾಗ ದರ ಇಳಿದರೆ ಹಳೆಯದನ್ನು ರದ್ದು ಮಾಡಿ ಹೊಸ ದರಕ್ಕೆ ಮತ್ತೆ ಕೊಳ್ಳಬಹುದು. ಪ್ರಯಾಣಕ್ಕೆ ಮುಂಚೆ ಆಗಾಗ ಒಮ್ಮೆ ಇಣುಕಿ ನೋಡಿದರೆ ಸಾಕು.

ಹಡಗಿನಲ್ಲಿ ನೋಟು ಚಲಾವಣೆಯಿಲ್ಲ, ಎಲ್ಲವೂ ಕ್ಯಾಬಿನ್ ಕಾರ್ಡಿನಲ್ಲಿ. ಮಕ್ಕಳ ಕಾರ್ಡಿಗೆ ಮೊದಲ ದಿನವೇ ಗೆಸ್ಟ್ ಸರ್ವಿಸ್‌ನಲ್ಲಿ ಮಿತಿ ಹಾಕಿಸಿ, ವಿಡಿಯೋ ಗೇಮ್ ಆರ್ಕೇಡಿನ ಮುಂದೆ ಮಕ್ಕಳಿಗೆ ಹಣದ ಅಂದಾಜು ಇರುವುದಿಲ್ಲ. ಅಪ್ಪ ಅಮ್ಮನಿಗೆ ಯಾವುದು ಪುಕ್ಕಟೆ, ಯಾವುದಕ್ಕೆ ದುಡ್ಡು ಎಂದು ಹತ್ತಿದ ದಿನವೇ ಜೊತೆಯಲ್ಲಿ ಓಡಾಡಿ ತೋರಿಸಿ. ಇಲ್ಲದಿದ್ದರೆ ಮಗನಿಗೆ ಖರ್ಚಾದೀತೆಂದು ಪುಕ್ಕಟೆಯ ಜ್ಯೂಸನ್ನೂ ಬೇಡವೆನ್ನುತ್ತಾರೆ. ಖಾತೆಯನ್ನು ಆ್ಯಪಿನಲ್ಲೋ ಕ್ಯಾಬಿನ್ನಿನ ಟೀವಿಯಲ್ಲೋ ಎರಡು ದಿನಕ್ಕೊಮ್ಮೆ ನೋಡಿ. ತೆಗೆದುಕೊಳ್ಳದ ಫೋಟೋ, ಮುಟ್ಟದ ಮಿನಿಬಾರ್ ಬಾಟಲಿ ಬಿಲ್ಲಿನಲ್ಲಿ ಸೇರಿಕೊಂಡಿದ್ದರೆ ಕೊನೆಯ ರಾತ್ರಿ ಊಟಕ್ಕೆ ಮೊದಲೇ ಕೌಂಟರಿಗೆ ಹೋಗಿ ತೆಗೆಸಿ. ಇಳಿಯುವ ದಿನ ಬೆಳಗ್ಗೆ ಅಲ್ಲಿ ಸಾಲು ಉದ್ದವಿರುತ್ತದೆ, ಹಡಗಿನಿಂದ ಇಳಿದ ಮೇಲೆ ಇ-ಮೇಲ್ ಬರೆದು ಹಣ ವಾಪಸು ಪಡೆಯುವುದು ವಾರಗಟ್ಟಲೆಯ ಕೆಲಸ.